ಮರಿಗಳನ್ನು ಕೇಳುತ್ತಿದ್ದವರು

ಎಪ್ಪತ್ತರ ದಶಕದಲ್ಲಿ ನಾನು ಹಿರಿಯೂರಿನ ಹತ್ತಿರದ ಮೀನುಮರಿ ಕೇಂದ್ರದಲ್ಲಿ ನೀರು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಅಲ್ಲೊಬ್ಬರು ಕಾವಲುಗಾರರಿದ್ದರು. ಮತ್ತೋಡಿನ ಕಡೆಯವರು, ಹಿಂದೆ ಕುರಿ ಕಾಯ್ದವರು, ನನ್ನ ತಂದೆಯ ವಯಸ್ಸು. ನಾನು ಥರ್ಮಾಮೀಟರು, ಶೀಶೆ ಹಿಡಿದು ಹೋದರೆ, "ತಡೀರಿ ಸಾರ್, ಮೊದ್ಲು ಮರಿಗಳನ್ನ ಕೇಳಾಣ" ಎಂದು ತೊಟ್ಟಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಲ್ಲಿ ಉಸಿರಿಗೆ ಕೊರತೆ ಎಂದರ್ಥ. ನನ್ನ ಶೀಶೆಗೆ ಕಾಯದೆ ಹೊಸ ನೀರು ಬಿಟ್ಟುಬಿಡುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಶೀಶೆಯೂ ಅದನ್ನೇ ಹೇಳಿದಾಗ ಇನ್ನಷ್ಟು.

ಒಂದು ಬೆಳಗ್ಗೆ ನಮ್ಮ ಸಾಹೇಬರ ಹೆಂಡತಿ ಗಂಗೆಪೂಜೆಗೆಂದು ಬಿಂದಿಗೆ ತುಂಬ ಹಾಲು ತಂದು ಮರಿಗಳ ತೊಟ್ಟಿಯ ಮುಂದೆ ನಿಂತರು. ಅಷ್ಟು ಹಾಲು ಬಿದ್ದರೆ ನೀರು ಕೆಟ್ಟು ಮರಿಗಳೆಲ್ಲ ಸತ್ತು ತೇಲುತ್ತಿದ್ದವು. ಬೇಡ ಎನ್ನುವ ಧೈರ್ಯ ಸಾಲದೆ ನಾನು ಶೀಶೆ ತೊಳೆಯತೊಡಗಿದೆ.

"ತಡೀರಿ ಅಮ್ಮಾರೆ, ಮರಿಗಳನ್ನ ಕೇಳಾಣ" ಎಂದ ಕಾವಲುಗಾರರು ನೀರಿನತ್ತ ಬಗ್ಗಿ ಕಿವಿಗೊಟ್ಟು, ತಲೆದೂಗಿ ಎದ್ದರು. "ನಮಗೆ ಬ್ಯಾಡ, ಆಚೆ ಕಾಲುವೇಲಿ ಗಂಗಮ್ಮ ಐದಾಳೆ, ಆಕೆಗೆ ಕೊಡ್ರಿ ಅಂತಾವೆ."

ಅಮ್ಮಾವರು ನಕ್ಕು, ಹಾಲನ್ನು ಕಾಲುವೆಗೆ ಸುರಿದು ಹೋದರು.

ಮರುದಿನ ನೋಡಿದರೆ, ಕಾವಲುಗಾರರು ತಮ್ಮ ಮನೆಯಿಂದ ಒಂದು ಚೆಂಬು ಹಾಲು ತಂದು ಅದೇ ಕಾಲುವೆಗೆ ಸುರಿದು ಕೈಮುಗಿಯುತ್ತಿದ್ದರು.

"ಇದ್ಯಾಕೆ ಮತ್ತೆ?" ಎಂದೆ.

"ಸುಳ್ಳು ಹೇಳಿದ್ದು ನಾನು, ಸಾರ್. ಗಂಗಮ್ಮ ಮರಿಗಳ ಮ್ಯಾಲೆ ಸಿಟ್ಟಾಗಬಾರ್ದಲ್ರಿ."