ದೊಡ್ಡವರ ಕಪಾಟಿಗೆ ಸೇರಿದ ಪುರಾಣ

ಆ ಪಟ್ಟಿಯ ಕೆಳಗೆ ನನ್ನ ಸಹಿಯೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದವರ ಮೇಲೆ ಸಿಟ್ಟಾಗುವ ಹಕ್ಕು ನನಗೆ ಎಷ್ಟಿದೆ ಎಂಬುದನ್ನು ಓದುವವರೇ ಅಳೆದುಕೊಳ್ಳಲಿ.

ತೆಲುಗು ನಾಡಿನ ಆದೋನಿಯಲ್ಲಿ ನಮ್ಮ ಓಣಿಯ ಕನ್ನಡ ವಾಚನಾಲಯವನ್ನು ಹತ್ತಿ ವ್ಯಾಪಾರದ ಒಂದು ಮನೆತನ ನಡೆಸುತ್ತದೆ. ಆ ಮನೆಯ ಹಿರಿಯರನ್ನು ಎಲ್ಲರೂ ಯಜಮಾನರು ಎನ್ನುತ್ತಾರೆ. ಹೋದ ಆಷಾಢದಲ್ಲಿ ಅವರು ಎರಡು ಹೊಸ ಕಪಾಟು ತರಿಸಿದರು. ಒಂದು ಮಕ್ಕಳಿಗೆ, ಇನ್ನೊಂದು ದೊಡ್ಡವರಿಗೆ. ಹದಿನಾಲ್ಕು ತುಂಬದವರಿಗೆ ಮಕ್ಕಳ ಕಪಾಟಿನ ಪುಸ್ತಕ ಮಾತ್ರ ಎಂದು ನಿಯಮವಾಯಿತು. ಹಳೆಯ ಕಾವ್ಯ, ಪುರಾಣ, ಕತೆಗಳಲ್ಲಿ ಯಾವುದು ಮಕ್ಕಳದು ಎಂದು ವಿಂಗಡಿಸಲು ಮೂವರು ಕುಳಿತೆವು: ಯಜಮಾನರು, ತೆಲುಗು ಶಾಲೆಯ ಯುವ ಮೇಷ್ಟ್ರೊಬ್ಬರು, ಕನ್ನಡ ಕಲಿಸಿ ನಿವೃತ್ತಳಾದ ನಾನು.

ಕೆಲಸ ನಡೆದ ರೀತಿ ಹೀಗೆ. ಮೇಷ್ಟ್ರು ಪ್ರತಿ ಪುಸ್ತಕವನ್ನೂ ಎಲ್ಲೆಂದರಲ್ಲಿ ಮೂರು ಕಡೆ ತೆರೆಯುತ್ತಿದ್ದರು. ಅಕ್ಷರ ಕೂಡಿಸಿ ಕೂಡಿಸಿ ನಾಲ್ಕು ಸಾಲು ಓದುತ್ತಿದ್ದರು. ಸಾವು, ಬಸಿರು, ಗಂಡುಹೆಣ್ಣಿನ ಮಾತು ಸಿಕ್ಕರೆ ತಲೆ ಎತ್ತುತ್ತಿದ್ದರು. ಯಜಮಾನರು “ಆ ಕಡೆ” ಎನ್ನುತ್ತಿದ್ದರು. ಸಿಗದಿದ್ದರೆ “ಈ ಕಡೆ”. ಒಂದು ಪುಸ್ತಕಕ್ಕೆ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಒಂದು ದಪ್ಪ ಪುರಾಣ ಬಂತು. ಮೊದಲ ಪುಟದ ಮೇಲೆ ಅರಿಶಿನ ಕುಂಕುಮದ ಕಲೆ. ಕಾಡುಪಾಲಾದ ಬಸುರಿ ಅರಸಿಯೊಬ್ಬಳು ಕುರಿಗಾರರ ಹಟ್ಟಿಗೆ ಬಂದು ಹೆರುವ ಕತೆ. ಮೇಷ್ಟ್ರ ಬೆರಳು ಹೆರಿಗೆಯ ಪುಟಕ್ಕೇ ಹೋಯಿತು.

“ಬೇನೆ... ತಿನ್ನುತ... ಅಯ್ಯಯ್ಯೋ, ಇದಿ ವದ್ದು ಸಾರ್, ಬೇಡವೇ ಬೇಡ!”

“ಬಸುರು ಬಾಣಂತನ ಸಣ್ಣ ಹುಡುಗ್ರಿಗ್ಯಾಕ? ಆ ಕಡೆ,” ಎಂದರು ಯಜಮಾನರು.

“ಅದರಾಗ ಕೆಟ್ಟದ್ದೇನೂ ಇಲ್ರಿ,” ಎಂದೆ.

“ಟೀಚರಮ್ಮ, ನೀವು ಒಂದೊಂದಕ್ಕೂ ಅಡ್ಡ ನಿಂತ್ರ ದೀಪಾವಳಿ ಇಲ್ಲೇ ಮಾಡ್ಬೇಕಾಗ್ತೈತಿ.”

ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಸಂಜೆ ವಿಂಗಡಣೆಯ ಪಟ್ಟಿಗೆ ಸಹಿ ಹಾಕಿದೆ. ಹಾಕುವಾಗ, ಒಬ್ಬ ಹುಡುಗಿ ಆ ಪುರಾಣವನ್ನು ಅರ್ಧ ಓದಿದ್ದಾಳೆಂದು ನನಗೆ ಗೊತ್ತಿತ್ತು. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಹನ್ನೊಂದರ ಹುಡುಗಿ. ಆಲೂರು ರಸ್ತೆಯ ಹಳ್ಳಿಯೊಂದರ ಕುರಿಗಾರರ ಮನೆಯವಳು. ಭಾನುವಾರ ಅಜ್ಜಿ ಬೆಣ್ಣೆ ಮಾರಲು ಪೇಟೆಗೆ ಬರುವಾಗ ಷೇರ್ ಆಟೋದಲ್ಲಿ ಜೊತೆಗೆ ಬಂದು, ಅಜ್ಜಿ ತಿರುಗಿ ಬರುವ ತನಕ ವಾಚನಾಲಯದಲ್ಲಿ ಕೂತು ಓದುತ್ತಿದ್ದಳು. ಮುಂದಿನ ಭಾನುವಾರ ಅವಳು ಬಂದಾಗ ಪುಸ್ತಕ ಗಾಜಿನ ಹಿಂದೆ ಕಾಣುತ್ತಿತ್ತು. ಕಪಾಟಿಗೆ ಬೀಗ ಬಿದ್ದಿತ್ತು.

“ಟೀಚರ್, ಅರಸಿಗೆ ಬ್ಯಾನಿ ಸುರುವಾಗಿತ್ರಿ. ಅಲ್ಲಿಗೇ ನಿಲ್ಲಿಸೀನಿ.”

“ಅದು ದೊಡ್ಡೋರ ಪುಸ್ತಕ ಅಂತ ಆಗೇತಮ್ಮ.”

“ಯಾಕ್ರಿ?”

“ಹೆರಿಗಿ ಐತಲ್ಲ ಅದರಾಗ.”

ಅವಳು ನನ್ನ ಮುಖ ನೋಡಿದಳು. “ಹೋದ ತಿಂಗಳ ನಮ್ಮ ಕುರಿ ಹೊಟ್ಟ್ಯಾಗ ಮರಿ ಅಡ್ಡ ಸಿಕ್ಕೊಂಡಿತ್ರಿ. ಕೈ ಹಾಕಿ ತಗದಾಕಿ ನಾನೇ. ನಂದು ಸಣ್ಣ ಕೈ ಅಂತ ಅಪ್ಪ ನನ್ನೇ ಕರದಾನ.”

ಮುಂದಿನ ಕತೆಯನ್ನು ನಾನೇ ಹೇಳಿಬಿಡೋಣವೆಂದು “ಗಂಡು ಕೂಸು ಹುಟ್ಟತೈತಿ...” ಎಂದು ಶುರುಮಾಡಿದೆ.

“ಹೇಳಬ್ಯಾಡ್ರಿ! ನಾ ಓದಬೇಕು!” ಎಂದು ಎರಡೂ ಕಿವಿ ಮುಚ್ಚಿಕೊಂಡಳು.

ಮಕ್ಕಳ ಕಪಾಟಿನಿಂದ ಬಣ್ಣದ ಚಿತ್ರದ ಪುಸ್ತಕವೊಂದನ್ನು ಕೊಟ್ಟೆ. ಅರ್ಧ ಗಂಟೆಯಲ್ಲಿ ತಂದು ಮೇಜಿನ ಮೇಲಿಟ್ಟಳು.

“ಇದರಾಗ ಕುರಿ ಕಾಯೋನು ಪೆದ್ದ ಅದಾನ್ರಿ. ಪ್ರತಿ ಪುಟದಾಗೂ ಬೀಳ್ತಾನ. ನಮ್ಮಪ್ಪ ಎಲ್ಲಿ ಬಿದ್ದಾನ?”

ಆ ಪುಸ್ತಕವನ್ನೂ ನಾವು ಮೂರು ಕಡೆ ತೆರೆದಿದ್ದೆವು. ಅದರಲ್ಲಿ ಯಾರೂ ಹೆರುವುದಿಲ್ಲ, ಯಾರೂ ಸಾಯುವುದಿಲ್ಲ. ಒಬ್ಬ ಬಡವನನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ನಗುತ್ತಾರೆ, ಅಷ್ಟೆ. ಅದಕ್ಕೆ ಯಾರೂ ತಲೆ ಎತ್ತಿರಲಿಲ್ಲ.

ಶ್ರಾವಣ ಬಂತು. ನಮ್ಮಲ್ಲಿ ಶ್ರಾವಣವಿಡೀ ಮಠದಲ್ಲಿ ಮಧ್ಯಾಹ್ನ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಖರ್ಚೆಲ್ಲ ಯಜಮಾನರ ಮನೆಯದು. ಈ ಸಲವೂ ಎಂದಿನಂತೆ ಅದೇ ಪುರಾಣ, ವಾಚನಾಲಯದ ಅದೇ ಪ್ರತಿ. ಬೀಗ ತೆಗೆದು, ತಲೆಯ ಮೇಲೆ ಹೊತ್ತು ತಂದು, ಪೀಠದ ಮೇಲಿಟ್ಟು ಕುಂಕುಮ ಏರಿಸಿದರು. ಎಂದಿನಂತೆ ಮಕ್ಕಳು ಮುಂದಿನ ಸಾಲಿನಲ್ಲಿ.

ಹೆರಿಗೆಯ ಸಂಧಿ ಓದುವ ದಿನ ತೊಟ್ಟಿಲು ಕಟ್ಟುವುದು ಪದ್ಧತಿ. ಅರ್ಥ ಹೇಳುವವರು ಸೊಂಟ ಹಿಡಿದುಕೊಂಡು ಅರಸಿಯ ಹಾಗೆ ನರಳಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಕೂಸು ಹುಟ್ಟಿತು ಎಂದಾಗ ಹೂ ಎರಚಿದರು. ಹೆಂಗಸರು ತೊಟ್ಟಿಲು ತೂಗಿ ಹಾಡಿದರು. ಯಜಮಾನರು ತಾವೇ ಸಾಲಾಗಿ ಬಂದು ಮಕ್ಕಳ ಅಂಗೈಗೆ ಸಕ್ಕರೆ ಪುಟಾಣಿ ಹಾಕಿದರು. ಅದನ್ನು ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ಅಂದು ಭಾನುವಾರವಲ್ಲ; ಆ ಹುಡುಗಿ ಬಂದಿರಲಿಲ್ಲ.

“ಇದು ಮಕ್ಕಳಿಗಲ್ಲ ಅಂತ ನಾವೇ ಬರದೀವಲ್ರಿ,” ಎಂದೆ, ಅವರು ನನ್ನ ಹತ್ತಿರ ಬಂದಾಗ.

“ಕೇಳೋದು ಬ್ಯಾರೆ ಟೀಚರಮ್ಮ. ಇಲ್ಲಿ ಹಿರೇರು ಬಾಜೂಕ ಇರ್ತಾರ. ಹೆಣ್ಣುಮಗಳು ಒಬ್ಬಾಕಿ ಕುಂತು ಓದಿದ್ರ, ಏನು ತಿಳ್ಕೋತಾಳೋ ಯಾರಿಗ್ ಗೊತ್ತು?”

ನಾನು ಹೆಣ್ಣುಮಗಳ ಮಾತೇ ಎತ್ತಿರಲಿಲ್ಲ. ಮಕ್ಕಳು ಎಂದಿದ್ದೆ. ಆ ದಿನ ಮೂವರು ಕುಳಿತು ವಿಂಗಡಿಸಿದ್ದು ಪುಸ್ತಕಗಳನ್ನಲ್ಲ ಎಂದು ನನಗೆ ಅರ್ಥವಾದದ್ದು ಆಗ. ಪುರಾಣದ ಬಗ್ಗೆ ಅವರಿಗೆ ಒಂದಿಷ್ಟೂ ತಕರಾರಿರಲಿಲ್ಲ. ತಕರಾರಿದ್ದದ್ದು, ಯಾರೂ ಪಕ್ಕದಲ್ಲಿ ಕೂತು ಅರ್ಥ ಹೇಳದೆ ಒಬ್ಬ ಹುಡುಗಿ ತಾನೇ ಅರ್ಥ ಮಾಡಿಕೊಳ್ಳುವುದರ ಬಗ್ಗೆ.

ಹಿರಿಯರು ಪಕ್ಕದಲ್ಲಿರಬೇಕು ತಾನೆ? ಅಜ್ಜಿಯನ್ನು ಕರೆದುಕೊಂಡು ಬಾ ಎಂದು ಹುಡುಗಿಗೆ ಹೇಳಿದೆ. ಶ್ರಾವಣ ಮುಗಿದು ಪುಸ್ತಕ ಕಪಾಟಿಗೆ ಮರಳಿದ ಮೇಲಿನ ಭಾನುವಾರ ಅಜ್ಜಿ ಬೆಣ್ಣೆಯ ಖಾಲಿ ಗಡಿಗೆ ಹಿಡಿದುಕೊಂಡೇ ಒಳಗೆ ಬಂದು ಯಜಮಾನರ ಮೇಜಿನ ಮುಂದೆ ನಿಂತಳು.

“ಏನಪಾ ಸಾಹುಕಾರ, ನಾನೂ ಸಣ್ಣಾಕಿ ಕಾಣ್ತೀನೇನು? ನನ್ನ ಹೆಸರ್ಲೆ ಕೊಡು ಆ ಪುಸ್ತಕ.”

“ನಿನಗ ಓದಾಕ ಬರ್ತೈತೇನಬೇ?”

“ಮಠದಾಗ ಕುಂತು ಕೇಳೋರಿಗೆಲ್ಲಾ ಬರ್ತೈತೇನು?”

ಯಜಮಾನರು ಕನ್ನಡಕ ತೆಗೆದು ಒರೆಸಿದರು. “ಓದಾಕ ಬರದೋರಿಗೆ ಕಾರ್ಡು ಇಲ್ಲ. ರೂಲ್ಸ್ ಐತಿ.”

ಅಂಥ ರೂಲ್ಸ್ ಇಲ್ಲ. ನಿಯಮಗಳನ್ನು ಗೋಡೆಗೆ ಬರೆದವಳು ನಾನು. ಹಾಗಂತ ಅವರಿಗೂ ಹೇಳಿದೆ. “ಹಂಗಾದ್ರ ಇವತ್ತಿಂದ ಐತಿ,” ಎಂದರು.

ನನ್ನ ಕಾರ್ಡನ್ನು ಮೇಜಿನ ಮೇಲಿಟ್ಟು ಪುಸ್ತಕ ಕೇಳಿದೆ. ನನಗೆ ಇಲ್ಲವೆನ್ನಲಾಗಲಿಲ್ಲ; ಆದರೆ ಆ ಪುಸ್ತಕವನ್ನು ಮನೆಗೆ ಒಯ್ಯುವಂತಿಲ್ಲ, ಅಲ್ಲೇ ಓದಿ ಮರಳಿಸಬೇಕು. ಹೊರಗಿನ ಕಟ್ಟೆಯ ಮೇಲೆ ಹುಡುಗಿ ನಡುವೆ, ಈ ಕಡೆ ನಾನು, ಆ ಕಡೆ ಅಜ್ಜಿ. ಅವಳು ಪುಟ ಹುಡುಕುವ ಅಗತ್ಯವಿರಲಿಲ್ಲ. ಹೆರಿಗೆಯ ಪುಟವನ್ನು ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದಳು. ಕುರಿಗಾರರ ಹೆಂಗಸು ಉಣ್ಣೆ ಕತ್ತರಿಸುವ ಕತ್ತರಿಯಿಂದ ಹೊಕ್ಕಳಬಳ್ಳಿ ಕತ್ತರಿಸುವಲ್ಲಿ ಅಜ್ಜಿ ತಡೆದಳು.

“ದಾರ ಕಟ್ಟಲಾರದ ಕೊಯ್ದಳಾ? ಕೂಸು ಉಳೀತೈತೇನು ಹಂಗ?”

“ಬರದೋನು ಗಂಡಸು ಇರ್ಬೇಕಬೇ,” ಎಂದಳು ಮೊಮ್ಮಗಳು, ಪುಟ ತಿರುವುತ್ತ.

ಆಟೋ ಹಾರ್ನ್ ಹೊಡೆದಾಗ ಇನ್ನೂ ಏಳು ಸಂಧಿ ಉಳಿದಿದ್ದವು. ಪುಸ್ತಕವನ್ನು ನನ್ನ ಕೈಗೆ ಕೊಡುತ್ತ ಕೇಳಿದಳು.

“ಬರೋ ಐತಾರ ನೀವು ಬರಲಿಲ್ಲಂದ್ರ?”

“ಬರ್ತೀನಮ್ಮ.”

“ಬರಲಿಲ್ಲಂದ್ರರಿ?”

ಪಟ್ಟಿಯಿಂದ ನನ್ನ ಸಹಿ ತೆಗೆಯಿರಿ ಎಂದು ಮರುದಿನ ಬರೆದುಕೊಟ್ಟೆ. ಅದು ಮೂವರ ತೀರ್ಮಾನ, ಒಬ್ಬರಿಂದ ಬದಲಾಗದು ಎಂಬ ಉತ್ತರ ಬಂತು. ನನ್ನ ಮೊಣಕಾಲು ಮೊದಲಿನಂತಿಲ್ಲ. ಆದರೂ ಪ್ರತಿ ಭಾನುವಾರ ಹೋಗುತ್ತೇನೆ. ಓದಲು ಬರುವ ಒಂದು ಮಗು, ತಾನು ಓದಬಹುದೇ ಇಲ್ಲವೇ ಎಂದು ಇನ್ನೊಬ್ಬರ ಮೊಣಕಾಲನ್ನು ಕೇಳಬೇಕಾಗಿದೆ. ಹಾಗೆ ಮಾಡಿದವರಲ್ಲಿ ನಾನೂ ಒಬ್ಬಳು.