ಕೋಮಲಳ ಗಾಡಿಗೆ ಎಷ್ಟು ಹಲ್ಲು

ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಲಗಮಣ್ಣನ ಸ್ಪೇರ್‌ಪಾರ್ಟ್ಸ್ ಅಂಗಡಿ. ಹೊಸ ಗಾಡಿಯವರು ಅಲ್ಲಿಗೆ ಹೋಗುವುದಿಲ್ಲ, ಹೋದರೂ ಲಗಮಣ್ಣ ಅವರನ್ನು ಕಣ್ಣೆತ್ತಿ ನೋಡುವುದಿಲ್ಲ. ಅವನ ಜೀವವೆಲ್ಲ ಹಳೆಯ ಯಜ್ಡಿ, ರಾಜದೂತ, ಆರ್‌ಎಕ್ಸ್ ಬೈಕುಗಳ ಮೇಲೆ. ಅದರಲ್ಲೂ ಮಡ್‌ಗಾರ್ಡ್ ಎತ್ತರಿಸಿ, ಗಂಟುಗಂಟಿನ ಟೈರು ಹಾಕಿಸಿ, ಕಬ್ಬು ಕಡಿದ ಹೊಲದಲ್ಲಿ ರೇಸಿಗೆ ಬಿಡುವ ಗಾಡಿಗಳ ಮೇಲೆ. ನಿಪ್ಪಾಣಿ, ರಾಯಬಾಗ, ಕಾಗವಾಡದ ಕಡೆಯ ಸವಾರರೆಲ್ಲ ಚೈನು, ಅದು ಸುತ್ತುವ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್ ಆರಿಸಿಕೊಳ್ಳಲು ಅವನ ಬಳಿಗೇ ಬರಬೇಕು. ಬಂದವರು ಮೊದಲು ಅಲ್ಲಿರುವ ಚೀಲ ತೂಗುವ ಕಾಟಾ ಹತ್ತಬೇಕು.

"ಗಾಡಿ ಯಾವ್ದಂತ ಆಮ್ಯಾಲ ಹೇಳು. ಮೊದ್ಲು ಕುಂದ್ರಾವ ಎಷ್ಟು ಕಿಲೋ ಅದಾನ ನೋಡೂಣು."

ಅಥಣಿಯ ದ್ರಾಕ್ಷಿ ತೋಟದ ಮಲ್ಲೇಶ ಒಮ್ಮೆ ಕಾಟಾ ಮೇಲೆ ನಿಂತು ಉಸಿರು ಬಿಗಿಹಿಡಿದದ್ದನ್ನು ಕಂಡು ಲಗಮಣ್ಣ, "ಹೊಟ್ಟಿ ಒಳಗ ಎಳಕೊಂಡ್ರ ತೂಕ ಕಡಿಮಿ ಆಗೂದಿಲ್ಲೋ ಸಾಹುಕಾರ" ಎಂದಿದ್ದ. ಮಲ್ಲೇಶ ಸಿಟ್ಟಾದ, ಆದರೆ ಸ್ಪ್ರಾಕೆಟ್ ಮಾತ್ರ ಲಗಮಣ್ಣ ಹೇಳಿದ್ದನ್ನೇ ಒಯ್ದ.

ತೂಕವಾದ ಮೇಲೆ ಲಗಮಣ್ಣ ಹೊಲದ ಮಣ್ಣು ಎಂಥದ್ದೆಂದು ಕೇಳುತ್ತಾನೆ. ಹಿಂದಿನ ಚಕ್ರದ ಸ್ಪ್ರಾಕೆಟ್ಟಿಗೆ ಹಲ್ಲು ಹೆಚ್ಚಾದಷ್ಟೂ ಗಾಡಿ ಜೋರಾಗಿ ಎಳೆಯುತ್ತದೆ, ಕಡಿಮೆಯಾದಷ್ಟೂ ಜೋರಾಗಿ ಓಡುತ್ತದೆ. ಎಲ್ಲರಿಗೂ ಎರಡೂ ಬೇಕು, ಅದು ಆಗುವ ಮಾತಲ್ಲ. ರಬ್ಬರ್ ರಿಂಗಿನ ಭಾರದ ಚೈನು ಕೇಳಿದವರಿಗಂತೂ ಬೈಗುಳವೇ ಗತಿ: "ಇಷ್ಟೇ ಇಷ್ಟು ಎಂಜಿನ್ ಐತಿ. ಚೈನ್ ಎಳೀಬೇಕೋ, ನಿನ್ನ ಎಳೀಬೇಕೋ?"

ಇಂಥ ಲಗಮಣ್ಣನ ಒಬ್ಬಳೇ ಮಗಳು ಕೋಮಲ. ರಾಯಬಾಗದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಅಂಗಡಿಯಲ್ಲೇ ಆಡಿ ಬೆಳೆದವಳು, ಅಪ್ಪನ ಹಳೆಯ ಆರ್‌ಎಕ್ಸ್ ಅವಳ ಕೈಯಲ್ಲಿ ಮಾತು ಕೇಳುತ್ತದೆ. ಕರೋಶಿಯಲ್ಲಿ ಹಳೆಯ ಗಾಡಿಗಳ ರೇಸು ನಿಗದಿಯಾದಾಗ ಅವಳು ಊಟಕ್ಕೆ ಕೂತಲ್ಲೇ ಹೇಳಿದಳು, "ಅಪ್ಪಾ, ಈ ಸಲ ನಾನೂ ಗಾಡಿ ಬಿಡಾಕಿ."

"ಆಗ್ಲೇಳು," ಎಂದ ಲಗಮಣ್ಣ. ಅವನು ಅಷ್ಟು ಬೇಗ ಯಾವುದಕ್ಕೂ ಒಪ್ಪಿದವನಲ್ಲ. ಹೆಂಡತಿ ಚನ್ನವ್ವನಿಗೆ ಆಗಲೇ ಅನುಮಾನ ಬರಬೇಕಿತ್ತು.

ಲಗಮಣ್ಣ ಒಳಗೊಳಗೇ ಅಂಜಿದ್ದ. ರೇಸಿನಲ್ಲಿ ಬಿದ್ದು ಕೈಕಾಲು ಮುರಿದುಕೊಂಡ ಎಷ್ಟು ಜನರನ್ನು ಅವನು ಕಂಡಿಲ್ಲ! ಬೇಡ ಅಂದರೆ ಮಗಳು ಕೇಳುವವಳಲ್ಲ. ಅದಕ್ಕೆ ಯಾರಿಗೂ ಹೇಳದೆ ಅವಳ ಗಾಡಿಗೆ ಐವತ್ತು ಹಲ್ಲಿನ ಸ್ಪ್ರಾಕೆಟ್ ಹಾಕಿಬಿಟ್ಟ. ಬಿದ್ದರೂ ಮೆಲ್ಲಗೆ ಬೀಳಲಿ ಎನ್ನುವುದು ಅವನ ಲೆಕ್ಕಾಚಾರ.

ಮರುದಿನ ಕರೋಶಿಯ ಹೊಲದಲ್ಲಿ ಪ್ರಾಕ್ಟೀಸು. ನಿಪ್ಪಾಣಿಯ ರೂಪೇಶ ಅಂಥದ್ದೇ ಗಾಡಿಯಲ್ಲಿ ಭರ್ರನೆ ದಾಟಿ ಹೋದ. ಕೋಮಲ ಆಕ್ಸಿಲರೇಟರ್ ಎಷ್ಟು ತಿರುವಿದರೂ ಎಂಜಿನ್ ಬೊಬ್ಬೆ ಹೊಡೆಯಿತೇ ಹೊರತು ಗಾಡಿ ಮುಂದೆ ಹೋಗಲೊಲ್ಲದು. ಅವಳು ಬದುವಿಗೆ ಗಾಡಿ ನಿಲ್ಲಿಸಿ ಹಲ್ಲು ಎಣಿಸಿದಳು. ಅಂಗಡಿಗೆ ಬಂದವಳೇ ಹೆಲ್ಮೆಟ್ಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿದಳು.

"ಐವತ್ತಾ ಅಪ್ಪಾ? ನಾ ಏನ್ ಕಬ್ಬಿನ ಟ್ರಾಲಿ ಎಳ್ಯಾಕ ಹೊಂಟೀನೇನು?"

"ನೆಲ ಮೆತ್ತಗೈತಿ ಅಂತ..."

"ನೆಲ ಕಲ್ಲ ಆಗಿ ಕುಂತೈತಿ. ನೀ ಸ್ಪ್ರಾಕೆಟ್ ನನಗ ಹಾಕಿಲ್ಲ, ನಿನ್ನ ಅಂಜಿಕಿಗೆ ಹಾಕೀದಿ. ನನ್ನ ಮ್ಯಾಲ ನಂಬಿಗಿ ಇಲ್ಲಂದ್ರ ಬಾಯಿ ಬಿಟ್ಟು ಹೇಳು."

ಲಗಮಣ್ಣ ಹೆಲ್ಮೆಟ್ಟಿನ ಧೂಳು ಒರೆಸತೊಡಗಿದ. ಆಮೇಲೆ ಕೋಮಲ ಅಪ್ಪನ ಜೊತೆ ಮಾತೇ ಬಿಟ್ಟಳು. ಸಾಂಬಾರು ಬೇಕಾದರೂ ಅವ್ವನ ಮುಖಾಂತರ ಕೇಳತೊಡಗಿದಳು. ಇಡೀ ಜಿಲ್ಲೆಯವರನ್ನು ಬೈದು ಬದುಕಿದವನಿಗೆ ಮನೆಯ ಈ ಮೌನ ಮಾತ್ರ ತಡೆಯಲಾಗಲಿಲ್ಲ.

"ಊರ ಮಂದೀನ್ನೆಲ್ಲಾ ತೂಗತೀರಿ," ಎಂದಳು ಚನ್ನವ್ವ ರೊಟ್ಟಿ ತಟ್ಟುತ್ತ. "ಮಗಳನ್ನ ಒಂದಿನಾರ ಕಾಟಾ ಮ್ಯಾಲ ನಿಂದರ್ಸೀರೇನ್ರಿ?"

ನಿಲ್ಲಿಸಿರಲಿಲ್ಲ. ಲಗಮಣ್ಣ ಅಂದೇ ಕರೋಶಿಗೆ ಹೋಗಿ ಚಪ್ಪಲಿ ಬಿಟ್ಟು ಹೊಲವನ್ನೆಲ್ಲ ಸುತ್ತಾಡಿದ. ಮಗಳು ಹೇಳಿದ್ದು ಖರೆ, ನೆಲ ಗಟ್ಟಿ. ಎರಡು ಸಣ್ಣ ದಿಬ್ಬ ಬಿಟ್ಟರೆ ಉಳಿದದ್ದು ನೇರ ಓಟ. ಬಂದು ಅವಳನ್ನು ಕರೆದು ಕಾಟಾ ಮೇಲೆ ನಿಲ್ಲಿಸಿದ. ಐವತ್ನಾಲ್ಕು ಕಿಲೋ. ಅಲ್ಲಿ ಬೇರೆ ಯಾರೇ ನಿಂತಿದ್ದರೂ ಲಗಮಣ್ಣ ಅರೆಗಳಿಗೆಯಲ್ಲಿ "ನಲವತ್ನಾಕು ಹಲ್ಲು" ಅನ್ನುತ್ತಿದ್ದ.

ಸ್ಪ್ರಾಕೆಟ್ ಜೋಡಿಸಿಟ್ಟ ಗೋಡೆಯ ಗೂಡಿನತ್ತ ತಿರುಗಿ ನಲವತ್ನಾಲ್ಕರದ್ದಕ್ಕೇ ಕೈ ಚಾಚಿದ. ಕೈ ಅಲ್ಲಿಯವರೆಗೂ ಹೋಗಿ ಪಕ್ಕದ ನಲವತ್ತೈದರದ್ದನ್ನು ತೆಗೆಯಿತು. ಒಂದೇ ಹಲ್ಲು, ಅಷ್ಟರಲ್ಲಿ ಏನಾಗುತ್ತದೆ ಎಂದುಕೊಂಡ. ಚೈನಿನ ಕೊಂಡಿ ತೆಗೆದು ಅಳತೆಗೆ ಕೂಡಿಸಿದ, ಮಗಳನ್ನು ಸೀಟಿನ ಮೇಲೆ ಕೂರಿಸಿ ಎಷ್ಟು ಸಡಿಲ ಬೇಕೋ ಅಷ್ಟೇ ಬಿಟ್ಟ. ಕೋಮಲ ಇಳಿದು ಚಕ್ರ ತಿರುವುತ್ತ ಚೈನಿಗೆ ತಾನೇ ಎಣ್ಣೆ ಬಿಟ್ಟಳು. "ಚೊಲೋ ಆತು ಅಪ್ಪಾ," ಎಂದಳು. ಮಗಳು ಮಾತಾಡಿದಳಲ್ಲ ಎಂದು ಅವನಿಗೆ ಹಬ್ಬವಾಯಿತು. ಜೊತೆಗೇ ಕಳ್ಳನಿಗಾಗುವ ಸಂಕಟವೂ ಆಯಿತು.

ರೇಸಿನ ದಿನ ಕೋಮಲ ಗಾಳಿಯಂತೆ ಓಡಿಸಿದಳು. ದಿಬ್ಬಗಳಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು. ಚನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದ್ದು ಕಬ್ಬಿನ ಆಚೆಗೂ ಕೇಳಿಸಿತು. ಆದರೆ ಕೊನೆಯ ನೇರ ಓಟದಲ್ಲಿ ರೂಪೇಶ ಇಂಚಿಂಚೇ ಹತ್ತಿರ ಬಂದ, ಸಮ ಬಂದ, ಅರ್ಧ ಗಾಲಿಯಷ್ಟು ಮುಂದೆ ಹೋಗಿ ಗೆದ್ದ.

ಮಂದಿ ಚಪ್ಪಾಳೆ ತಟ್ಟಿತು. ಲಗಮಣ್ಣ ಮಗಳ ಹತ್ತಿರ ಹೋಗಿ ತಲೆ ತಗ್ಗಿಸಿದ.

"ಕೋಮಲಾ, ನಲವತ್ನಾಕು ಹಾಕಬೇಕಾಗಿತ್ತವಾ. ನಾ ನಲವತ್ತೈದು ಹಾಕಿದ್ನಿ. ಗೆಲ್ಲಾಕಿ ಇದ್ದಿ, ನಾನ ಸೋಲಿಸಿದ್ನಿ."

"ಗೊತ್ತೈತಿ," ಎಂದಳು ಅವಳು, ಮುಖದ ಧೂಳು ಒರೆಸುತ್ತ. "ಎಣ್ಣಿ ಬಿಡುಮುಂದ ಎಣಿಸಿದ್ನಿ."

"ಮತ್ತ ಯಾಕ ಸುಮ್ನಿದ್ದಿ?"

"ಆರು ಹಲ್ಲಿನ ಅಂಜಿಕಿ ಒಂದು ಹಲ್ಲಿಗೆ ಬಂದಿತ್ತಲ್ಲೋ ಅಪ್ಪಾ. ಆ ಒಂದು ನಿನಗಿರ್ಲಿ ಅಂತ ಬಿಟ್ನಿ."

ಲಗಮಣ್ಣನಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಅಷ್ಟು ಮಂದಿಯ ನಡುವೆ ಎರಡನ್ನೂ ಒಟ್ಟಿಗೇ ಮಾಡಿದ.