ಸಿಂದಗಿಯ ಬಾಂಡೆ, ಬೆಳಂಬಾರದ ಮನೆ

ಜೂನ್ ತಿಂಗಳ ಒಂದು ಬೆಳಿಗ್ಗೆ ನನ್ನ ಗಂಡನ ಬೆಲ್ಟಿಗೆ ಗಡ್ಡ ಬಂದಿತ್ತು. ಬೆಳ್ಳಗೆ, ಮೆತ್ತಗೆ, ಬೆರಳಿನಷ್ಟು ದಪ್ಪದ ಗಡ್ಡ. ಬೂಟು ಎತ್ತಿದರೆ ಅದಕ್ಕೂ ಅದೇ ಗತಿ. ಗಾಬರಿಯಿಂದ ಕಪಾಟು ತೆಗೆದೆ. ನನ್ನ ಮದುವೆಯ ಇಳಕಲ್ ಸೀರೆಯ ಸೆರಗಿನ ಮೇಲೆ ಹಸಿರು ಚುಕ್ಕೆಗಳು ಎದ್ದಿದ್ದವು. "ಅಯ್ಯ ಶಿವನ, ಮನ್ಯಾಗ ಏನೋ ಸೇರ್ಕೊಂಡೈತ್ರೀ" ಎಂದು ಕೂಗಿಕೊಂಡೆ. ಇವರು ಒದ್ದೆ ಬೂಟನ್ನೇ ಒರೆಸಿ ಹಾಕಿಕೊಂಡು ಕಾರವಾರದ ಆಫೀಸಿಗೆ ಬಸ್ಸು ಹಿಡಿಯಲು ಓಡಿದರು.

ಒಣ ಸೀಮೆಯ ಸಿಂದಗಿಯವರಾದ ನಮಗೆ ಬೂಷ್ಟು ಎಂದರೆ ಮರೆತಿಟ್ಟ ರೊಟ್ಟಿಯ ಮೇಲೆ ಬರುವ ಸಂಗತಿ. ಇಲ್ಲಿ ಅದು ಗೋಡೆ, ಗಾದಿ, ಪುಸ್ತಕ, ದೇವರ ಫೋಟೋ ಏನನ್ನೂ ಬಿಡುವುದಿಲ್ಲ. ನಾವು ಬೆಳಂಬಾರಕ್ಕೆ ಬಂದದ್ದು ಮೇ ತಿಂಗಳಲ್ಲಿ. ನನಗೆ ಅಂಕೋಲಾ ತಾಲೂಕಿನಲ್ಲಿ ಶಾಲೆಯ ನೌಕರಿ ಸಿಕ್ಕಿತ್ತು, ಇವರು ಬೆನ್ನಿಗೇ ವರ್ಗ ಮಾಡಿಸಿಕೊಂಡಿದ್ದರು. ಒಂದು ಲಾರಿ ತುಂಬ ಸಾಮಾನು ತಂದೆವು. ಎರಡು ಚೀಲ ಜೋಳ, ನಾಲ್ಕು ಹತ್ತಿಯ ಗಾದಿ, ಎರಡು ಕಬ್ಬಿಣದ ಕಪಾಟು, ಎಲ್ಲಕ್ಕಿಂತ ಹೆಚ್ಚಾಗಿ ಬಾಂಡೆ. ಮದುವೆಯಲ್ಲಿ ಆಯೇರಿ ಬಂದ ಸ್ಟೀಲಿನ ಪಾತ್ರೆಗಳು ಅವು. ಒಂದೊಂದರ ಮೇಲೂ ಕೊಟ್ಟವರ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿತ್ತು. ನಮ್ಮ ಕಡೆ ಮನೆ ಎಂದರೆ ನಡುಮನೆಯ ಗೋಡೆಗುಂಟ ಬಾಂಡೆ ಥಳಥಳ ಅನ್ನಬೇಕು. ಇಲ್ಲೂ ಹಾಗೇ ಜೋಡಿಸಿದೆ. ಧೂಳು, ಬಿಸಿಲು ಬರಬಾರದೆಂದು ಕಿಟಕಿಗಳನ್ನೂ ಮುಚ್ಚಿದೆ. ಇಲ್ಲಿ ಧೂಳೇ ಇರಲಿಲ್ಲ ಎಂಬುದು ಬೇರೆ ಮಾತು.

ನನ್ನ ಕೂಗು ಕೇಳಿ ಮೊದಲು ಬಂದವಳು ಹೊನ್ನಕ್ಕ. ಅವಳೇ ನಮ್ಮ ಬಾಡಿಗೆ ಮನೆಯ ಒಡತಿ. ಪಕ್ಕದ ಮನೆಯಲ್ಲಿದ್ದುಕೊಂಡು ಗದ್ದೆ ಮಾಡುತ್ತಾಳೆ. ನಾನು ಶಾಲೆಗೆ ಹೋದಾಗ ನನ್ನ ಎರಡು ವರ್ಷದ ಮಗಳು ಗೌರಿಯನ್ನು ನೋಡಿಕೊಳ್ಳುವವಳೂ ಅವಳೇ. ಬಾಗಿಲಲ್ಲಿ ನಿಂತು ಒಂದು ಸಲ ಒಳಗೆ ಕಣ್ಣು ಹಾಯಿಸಿ ಸೊಂಟದ ಮೇಲೆ ಕೈಯಿಟ್ಟಳು.

"ಇದೆಂತಾ ಮನೆಯಾ, ಪಾತ್ರೆ ಅಂಗಡಿಯಾ ಅಕ್ಕೋರೆ? ಗಾಳಿ ಹೊಗೂಕೆ ಒಂದು ಸಂದೂ ಇಲ್ಲ. ಬೂಷ್ಟು ಬರ್ದೆ ಮತ್ತೆಂತ ಬರೂದು?"

"ಇಷ್ಟೆಲ್ಲಾ ಸಾಮಾನ ಎಲ್ಲಿ ಇಡ್ಲಿ ಹೊನ್ನಕ್ಕ?"

"ಬೇಡಾದ್ದು ಯಾಕೆ ಇಟ್ಕಂಡ್ರಿ? ಕಪಾಟು ಒಂದು ಗೇಣು ಈಚೆ ಎಳೀರಿ. ಕಿಟಕಿ ತೆಗೀರಿ. ಅರ್ಧ ಸಾಮಾನು ಹೊರಗೆ ಹಾಕಿ."

ನನಗೆ ಸಿಟ್ಟು ಬಂತು. ನಮ್ಮ ಸಾಮಾನಿಗೆ ಇವಳ ಯಜಮಾನಿಕೆ ಏನು? ಆದರೆ ಮುಂದಿನ ವಾರ ಜೋಳದ ಚೀಲದಲ್ಲಿ ಮೊಳಕೆ ಒಡೆದದ್ದು ಕಂಡಾಗ ನನ್ನ ಸೊಕ್ಕು ಇಳಿಯಿತು. ರವಿವಾರ ಸೆರಗು ಸಿಗಿಸಿ ಶುರುಮಾಡಿದೆ. ಮೂರು ಗಾದಿ ಹೋದವು. ಒಂದು ಕಪಾಟು ಹೋಯಿತು. ಬಾಂಡೆಗಳ ಸರದಿ ಬಂದಾಗ ಕೈ ತಡೆಯಿತು. ಸೋದರತ್ತೆಯ ಹೆಸರಿನ ಕೊಡ, ಕಾಕಾನ ಹೆಸರಿನ ಡಬರಿ, ಯಾರೆಂದೇ ನೆನಪಾಗದ ಮಲ್ಲಪ್ಪನೆಂಬವನ ಹೆಸರಿನ ಆರು ವಾಟಿ. ಒಂದೊಂದನ್ನೂ ಓದಿ, ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದೆ. ಇವರು ನೋಡಿ ನಕ್ಕರು. "ಹಾಜರಿ ತಗೊಳ್ಳಾಕತ್ತೀ ಏನ?" ಆಮೇಲೆ ಕಣ್ಣು ಮುಚ್ಚಿಕೊಂಡು ಹಂಚಿಬಿಟ್ಟೆ. ಕೇರಿಯ ಮನೆಮನೆಗೂ ಒಂದೊಂದು ಹೋಯಿತು. ದಪ್ಪ ತಳದ ದೊಡ್ಡ ತಪೇಲಿ ಹೊನ್ನಕ್ಕನಿಗೆ. ಅದರ ಮೇಲಿದ್ದ ಹೆಸರು 'ಗುರುಬಸವ್ವ, ಸಿಂದಗಿ'. ನನ್ನ ಅತ್ತೆ!

ಮನೆ ಖಾಲಿಯಾದಷ್ಟೂ ನನಗೆ ಹುರುಪು ಬಂತು. ಗೋಡೆಗೆ ಸುಣ್ಣ ಹೊಡೆದೆವು. ಬಾಂಡೆ ಇದ್ದ ಜಾಗ ಗೌರಿಯ ಆಟಕ್ಕೆ ಬಿಟ್ಟೆವು. ನನ್ನ ಬರೆಯುವ ಮೇಜನ್ನು ಪಶ್ಚಿಮದ ಕಿಟಕಿಯ ಪಕ್ಕ ಹಾಕಿದೆ. ಅಲ್ಲಿ ಕೂತು ಮಕ್ಕಳ ಪಟ್ಟಿ ತಿದ್ದುವಾಗ ಸಮುದ್ರ ಕಾಣದಿದ್ದರೂ ಕೇಳುತ್ತದೆ. ಜಗಲಿಗೆ ಇರಚಲು ಬಡಿಯದಂತೆ ಹೊನ್ನಕ್ಕ ಮಡ್ಲ ತಟ್ಟಿ ಕಟ್ಟಿಕೊಟ್ಟಳು. ತೆಂಗಿನ ಗರಿ ಹೆಣೆದು ಮಾಡುವ ಮರೆ ಅದು. ಅದರ ಹಿಂದೆ ಚಾಪೆ ಹಾಸಿ ಗಂಜಿ ಉಣ್ಣುವ ಸುಖ ನಿಮಗೆ ಹೇಳಿದರೆ ತಿಳಿಯದು. ರೊಟ್ಟಿ ಇಲ್ಲದೆ ಕೈ ಬಾಯಿಗೆ ಹೋಗದಿದ್ದ ನಾನು ಕುಚ್ಚಲಕ್ಕಿ ಗಂಜಿಗೆ ಮಾವಿನ ಮಿಡಿ ಕಚ್ಚಿಕೊಂಡು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆ. ಶಾಲೆಯಲ್ಲೂ ನನ್ನ "ಬರಾಕತ್ತೀನಿ, ಹೋಗಾಕತ್ತೀನಿ" ಕೇಳಿ ಮಕ್ಕಳು ನಗುವುದು ಕಡಿಮೆಯಾಯಿತು. ಅವರ "ಮಾಡೂಕೆ, ಹೇಳೂಕೆ" ನನ್ನ ಬಾಯಿಗೂ ಬಂತು.

ಆಗಲೇ ಅತ್ತೆಯ ಕಾಗದ ಬಂದದ್ದು. ಚೌತಿ ಮುಗಿಸಿಕೊಂಡು ಬರುತ್ತೇನೆ, ಮನೆ ನೋಡುತ್ತೇನೆ, ಮನಸ್ಸಿಗೆ ಬಂದರೆ ಅಲ್ಲೇ ಇದ್ದು ಕೂಸನ್ನು ನೋಡಿಕೊಳ್ಳುತ್ತೇನೆ, ಬರದಿದ್ದರೆ ಕೂಸನ್ನು ಸಿಂದಗಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಬರೆಸಿದ್ದರು. ಗದ್ದೆ ಕೊಯ್ಲು ಶುರುವಾದರೆ ಹೊನ್ನಕ್ಕನಿಗೆ ಪುರಸೊತ್ತಿಲ್ಲ. ನೌಕರಿ ಬಿಡುವಂತಿಲ್ಲ. ಗೌರಿಯನ್ನು ಬಿಟ್ಟು ನಾನು ಇರಬಲ್ಲೆನೇ?

ಅತ್ತೆ ಬಂದರು. ರೊಟ್ಟಿಯ ಗಂಟು ಇಳಿಸಿ ಸುತ್ತ ನೋಡಿದರು. "ಮನಿ ಅಲ್ಲವಾ ಇದು, ಸಾಲಿ ಖೋಲಿ ಆಗೇತಿ. ಬಾಂಡೆ ಎಲ್ಲ್ಯಾವ?"

"ಅಟ್ಟದ ಮ್ಯಾಲ ಅದಾವ್ರೀ ಅತ್ತಿ" ಎಂದೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ನನಗೇ ನಾಚಿಕೆಯಾಯಿತು.

ನಾಲ್ಕನೆಯ ದಿನ ಶಾಲೆಯಿಂದ ಬಂದಾಗ ಮನೆಯಲ್ಲಿ ಅತ್ತೆಯೂ ಇಲ್ಲ, ಗೌರಿಯೂ ಇಲ್ಲ. ಹೊನ್ನಕ್ಕನ ಹಿತ್ತಲಿಗೆ ಓಡಿದೆ. ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ಕೂತಿದ್ದರು, ತೊಡೆಯ ಮೇಲೆ ಗೌರಿ. ಒಲೆಯ ಮೇಲೆ ಅದೇ ದಪ್ಪ ತಳದ ತಪೇಲಿ. ಒಳಗೆ ಬಂಗಡೆ ಮೀನಿನ ಸಾರು ಕೊತಕೊತ ಕುದಿಯುತ್ತಿತ್ತು. ಕೊರಳಲ್ಲಿ ಲಿಂಗ ಕಟ್ಟಿದ, ಮೀನಿನ ಹೆಸರನ್ನೂ ಬಾಯಲ್ಲಿ ಎತ್ತದ ನನ್ನ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಅದನ್ನೇ ದಿಟ್ಟಿಸುತ್ತಿದ್ದರು.

"ಹೊನ್ನವ್ವಾ, ಆ ಬಾಂಡೆ ಮ್ಯಾಲ ಇರೂದು ನನ್ನ ಹೆಸರು" ಎಂದರು ಅತ್ತೆ.

ಹೊನ್ನಕ್ಕ ಸವಟು ಹಿಡಿದೇ ತಿರುಗಿದಳು. "ಹೌದನ್ರಾ ಅಮ್ಮಾ? ನಂಗೆ ಓದೂಕೆ ಬರೂದಿಲ್ಲ. ಅಕ್ಕೋರು ಕೊಟ್ಟದ್ದು. ಎಂತಾ ಪಾತ್ರೆ ಅಂತ್ರಿ! ಎಷ್ಟು ಬೆಂಕಿ ಹಾಕಿದ್ರೂ ತಳ ಹಿಡೂದಿಲ್ಲ. ದಿನಾ ಇದ್ರಲ್ಲೇ ನಂದು."

ಅತ್ತೆ ಮೂಗಿನಿಂದ ಸೆರಗು ತೆಗೆದರು. "ತಳಾ ಹೆಂಗ ಹಿಡೀತೈತಿ? ಅಂಗಡ್ಯಾಂವನ ಕೂಡ ಜಗಳಾಡಿ ನಾನ ಆರಿಸಿ ತಂದೇನಿ." ಮತ್ತೆ ಘಾಟು ತಾಗಿ ಸೆರಗು ಮುಚ್ಚಿಕೊಂಡರು. ಹಾಗೇ ನನ್ನ ಕಡೆ ತಿರುಗಿದರು. "ನೀ ಇದರಾಗ ಒಂದ ದಿನಾರ ಅಡಿಗಿ ಮಾಡಿದ್ದೇನ? ಮದುವ್ಯಾದಾಗಿಂದ ಗ್ವಾಡಿಗೆ ಒರಗಿಸಿಟ್ಟಿದ್ದಿ. ಕೊಟ್ಟರ ಕೊಟ್ಟಿ, ಬಿಡು. ಸುಳ್ಳ ಯಾಕ ಹೇಳಿದಿ?"

"ತಪ್ಪಾತ್ರೀ ಅತ್ತಿ. ನೀವು ಕೂಸಿನ್ನ ಕರ್ಕೊಂಡು ಹೋಗ್ತೀರಿ ಅಂತ ಹೆದರಿಕಿ ಆತು" ಎಂದೆ. ಅಳು ಬಂದೇಬಿಟ್ಟಿತು.

ಅತ್ತೆ ಗೌರಿಯನ್ನು ಎತ್ತಿಕೊಂಡು ಎದ್ದರು. ಮನೆಗೆ ಬಂದು ನನ್ನ ಮೇಜನ್ನು ಕಿಟಕಿಯಿಂದ ದರದರ ಎಳೆದು ಮೂಲೆಗೆ ಹಾಕಿದರು. ಆ ಜಾಗದಲ್ಲಿ ತಮ್ಮ ಕೌದಿ ಹಾಸಿದರು. "ಇಲ್ಲೆ ಗಾಳಿ ಚಲೋ ಬರ್ತೈತಿ" ಎಂದು ಗೌರಿಯನ್ನು ಪಕ್ಕಕ್ಕೆ ಮಲಗಿಸಿಕೊಂಡರು. ನನ್ನ ಮನೆಯಲ್ಲಿ ನನಗೆ ಬಹಳ ಇಷ್ಟವಾದ ಜಾಗ ಹೋಯಿತು. ಇಷ್ಟು ಖುಷಿಯಿಂದ ನಾನು ಏನನ್ನೂ ಬಿಟ್ಟುಕೊಟ್ಟಿರಲಿಲ್ಲ.

ಮರುದಿನ ಸುದ್ದಿ ಮುಟ್ಟಿಸಲು ಅಂಕೋಲಾ ಪೇಟೆಯ ಎಸ್‌ಟಿಡಿ ಬೂತಿಗೆ ಹೋದೆವು. ಸಿಂದಗಿಯಲ್ಲಿ ಇರುವವರು ನನ್ನ ಭಾವ, ಅತ್ತೆಯ ಹಿರಿಯ ಮಗ. ಅತ್ತೆ ಪೇಟೆಗೆಲ್ಲ ಕೇಳುವಂತೆ ಮಾತಾಡಿದರು. "ನಾ ಬರೂದಿಲ್ಲೋ, ಇಲ್ಲೇ ಇರ್ತೀನಿ. ನಮ್ಮ ಮನಿಯಾಗ ಗಾಳಿ, ಬೆಳಕು ಭಾಳ ಚಲೋ ಐತಿ. ನೀವೂ ನಿಮ್ಮ ಮನಿಯಾಗಿನ ಹಳೀ ಸಾಮಾನೆಲ್ಲಾ ತಗದ ಒಗೀರಿ. ಸುಮ್ನ ಯಾಕ ತುಂಬಿಕೊಂಡ ಕುಂತೀರಿ?"

ಬೂತಿನ ಹೊರಗೆ ಗೌರಿಯನ್ನು ಎತ್ತಿಕೊಂಡು ನಿಂತಿದ್ದ ನನಗೆ ಕುಣಿಯಬೇಕೆನಿಸಿತು. ಮರುಗಳಿಗೆಯೇ ಸಿಂದಗಿಯ ಮನೆ ಕಣ್ಣ ಮುಂದೆ ಬಂತು. ಕಪ್ಪಾದ ತೊಲೆ, ನೆಲದೊಳಗಿನ ಜೋಳದ ಹಗೇವು, ನಾನು ಮೊದಲ ಸಲ ಅಕ್ಕಿಯ ಸೇರು ಒದ್ದು ಒಳಗೆ ಬಂದ ಆ ಹೊಸ್ತಿಲು. ಅತ್ತೆಯ ಬಾಯಲ್ಲಿ ಸಿಂದಗಿಯ ಮನೆ ಒಂದೇ ರಾತ್ರಿಗೆ 'ನಿಮ್ಮ ಮನಿ' ಆಗಿಹೋಗಿತ್ತು. ನನಗೆ ಇನ್ನೂ ಆಗಿರಲಿಲ್ಲ.

ಬಾಗಿಲು ತಳ್ಳಿ ಅವರ ಕೈಯಿಂದ ಫೋನು ಕಸಿದುಕೊಂಡೆ.

"ಭಾವಾರ, ನಾ ಮಾತಾಡೂದು. ಅತ್ತಿ ಮಾತ ಕೇಳಬ್ಯಾಡ್ರಿ. ಅಲ್ಲಿದು ಒಂದು ಚಮಚಾನೂ ಒಗೀಬ್ಯಾಡ್ರಿ. ಎಲ್ಲಾ ಇದ್ದಲ್ಲೇ ಇರ್ಲಿ."